ಶೂ ಅಂಗಡಿಗೆ ಒಂದು ಆರ್ಡರ್

ಮಾರ್ಚ್ 4
ಇವತ್ತು ಮೂವತ್ತೊಂದು ಜೊತೆ ಶೂಗಳ ಫೋಟೊ. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಇನ್ನು ಪ್ರತಿಯೊಂದಕ್ಕೂ ಹೆಸರು, ಬಣ್ಣ, ನಂಬರು, ಬೆಲೆ ತುಂಬಬೇಕು. ಆಮೇಲೆ ಆನ್‌ಲೈನ್ ಜಾಹೀರಾತು. ಅಪ್ಪ ಹಿಂದೆಯೇ ನಿಂತಿದ್ದರು.
"ಕಾಲು ಮುಟ್ಟದೆ ಶೂ ಹೆಂಗಮ್ಮ ಮಾರೋದು?"
"ಎಲ್ರೂ ಹಂಗೇ ಮಾರ್ತಿದ್ದಾರಪ್ಪ."
"ಸರಿ, ಈ ತಿಂಗಳು ನೋಡೋಣ. ಒಂದಾದ್ರೂ ಆರ್ಡರ್ ಬಂದ್ರೆ ಅಂಗಡಿ ಇಟ್ಕೊಳ್ಳೋಣ. ಇಲ್ಲಾಂದ್ರೆ ಬಾಗಿಲು ಎಳೆಯೋಣ."
ನಲವತ್ತು ವರ್ಷದ ಅಂಗಡಿ. ಎಷ್ಟು ಸಲೀಸಾಗಿ ಹೇಳಿದರು.

ಮಾರ್ಚ್ 7
ಜಾಹೀರಾತು ರಿಜೆಕ್ಟ್. ನಮ್ಮ ಸೈಟಿನಲ್ಲಿ ಒಂದು ಬೆಲೆ, ಜಾಹೀರಾತಿನಲ್ಲಿ ಇನ್ನೊಂದು. ತಪ್ಪು ನನ್ನದೇ. ಮತ್ತೆ ಮೊದಲಿಂದ... ಗಾಣದೆತ್ತು.

ಮಾರ್ಚ್ 12, ಬೆಳಿಗ್ಗೆ 11
ಕೊನೆಗೂ ಶುರು. ಎರಡೇ ಗಂಟೆಯಲ್ಲಿ ಅರವತ್ತು ಕ್ಲಿಕ್. ದಿನದ ಬಜೆಟ್ ಮುಗಿದು ಜಾಹೀರಾತು ತಾನಾಗಿಯೇ ನಿಂತಿತು. ಅಪ್ಪನಿಗೆ ಹೇಳಿದೆ. ಮುಖ ತಿರುಗಿಸಿಕೊಂಡು ನಕ್ಕಂತಿತ್ತು.

ಮಾರ್ಚ್ 16
ದಿನವೂ ಇದೇ ಕಥೆ. ಹನ್ನೊಂದಕ್ಕೆ ಬಜೆಟ್ ಖಾಲಿ, ಆರ್ಡರ್ ಸೊನ್ನೆ. ರಿಪೋರ್ಟ್ ತೆಗೆದೆ. ಕ್ಲಿಕ್ಕೆಲ್ಲ ನಮ್ಮ ಬಡಾವಣೆಯಿಂದಲೇ.
ಹೊರಗೆ ಬಂದೆ. ಅಪ್ಪ ಪಕ್ಕದ ಕಟಿಂಗ್ ಅಂಗಡಿಯವನ ಮುಂದೆ ಫೋನ್ ಹಿಡಿದು ನಿಂತಿದ್ದರು.
"ನಮ್ಮಂಗಡಿ ಬಂತಲ್ಲ, ಒತ್ತು ಅದನ್ನ. ನಿನ್ನ ಗಿರಾಕಿಗಳಿಗೂ ಹೇಳಪ್ಪ, ಒತ್ಲಿ. ಮಗಳು ತುಂಬ ಕಷ್ಟಪಟ್ಟಿದ್ದಾಳೆ."
ಸದ್ದಿಲ್ಲದೆ ಒಳಗೆ ಬಂದೆ.

ಮಾರ್ಚ್ 17
ಹೇಳಲೇಬೇಕಾಯಿತು.
"ಒತ್ತಿದಾಗೆಲ್ಲ ನಮಗೇ ಖರ್ಚಪ್ಪ. ಹೊರಗಿನವರು ಹುಡುಕೋ ಹೊತ್ತಿಗೆ ಜಾಹೀರಾತೇ ಇರಲ್ಲ."
"ಹಂಗಾದ್ರೆ ಇಷ್ಟು ದಿನ ನಾನೇ..."
ಫೋನನ್ನು ಡ್ರಾಯರಿನೊಳಗೆ ಹಾಕಿದರು. ಊಟಕ್ಕೆ ಬರಲಿಲ್ಲ. ಬೇರೆ ಥರ ಹೇಳಬಹುದಿತ್ತು.

ಮಾರ್ಚ್ 30
ಬರೆಯಲು ಮನಸ್ಸಾಗಲಿಲ್ಲ. ದಿನಕ್ಕೆ ಐದಾರು ಕ್ಲಿಕ್. ಹುಡುಕಿ ನೋಡಿದರೆ ನಮ್ಮ ಶೂ ಪಕ್ಕದಲ್ಲೇ ಅದೇ ಶೂ — ದೊಡ್ಡ ಅಂಗಡಿಯದ್ದು, ಅಗ್ಗ. ನಾನಾಗಿದ್ದರೂ ಅದನ್ನೇ ಕೊಳ್ಳುತ್ತಿದ್ದೆ. ಅಪ್ಪ ಏನೂ ಕೇಳುತ್ತಿಲ್ಲ. ಬೈದಿದ್ದರೆ ವಾಸಿಯಿತ್ತು.

ಏಪ್ರಿಲ್ 2
ತಿಂಗಳು ಮುಗಿಯಿತು, ಒಂದೂ ಆರ್ಡರ್ ಇಲ್ಲ. ಲಾರಿ ಬಂತು. ಡಬ್ಬಗಳೆಲ್ಲ ಕಂಪನಿಗೆ ವಾಪಸ್. ಶೋಕೇಸಿನ ಒಂಟಿ ಶೂಗಳನ್ನು ಲಾರಿಯವರು ಮುಟ್ಟಲಿಲ್ಲ. ಅವುಗಳ ಜೋಡಿ ಯಾವ ಡಬ್ಬದಲ್ಲಿತ್ತೋ, ಹೋಯಿತೋ, ಇಲ್ಲೇ ಎಲ್ಲೋ ಬಿದ್ದಿದೆಯೋ. ಅಪ್ಪ ಡ್ರೈವರಿಗೆ ನೀರು ಕೊಟ್ಟು, ನಿಧಾನಕ್ಕೆ ಹೋಗಪ್ಪ ಅಂದರು.

ಏಪ್ರಿಲ್ 3, ಮಧ್ಯಾಹ್ನ
ಆರ್ಡರ್ ಬಂದಿದೆ. ಕಪ್ಪು, ಏಳನೇ ನಂಬರು, ಒಂದು ಜೊತೆ. ಯಾರೋ ದೂರದೂರಿನವರು. ಜಾಹೀರಾತು ನಿಲ್ಲಿಸುವುದನ್ನೇ ಮರೆತಿದ್ದೆ.
"ಕ್ಯಾನ್ಸಲ್ ಮಾಡ್ತೀನಪ್ಪ."
"ಇರು. ಮೊದಲನೇ ಗಿರಾಕಿ. ಬರಿಗಾಲಲ್ಲಿ ಕಳಿಸ್ತೀಯಾ?"
ಎಡಗಾಲಿನದು ಶೋಕೇಸಿನಲ್ಲೇ ಇತ್ತು. ಬಲಗಾಲಿನದು — ಹುಡುಕಲು ಶುರು ಮಾಡಿ ಒಂದು ಗಂಟೆಯಾಯಿತು. ಅಪ್ಪ ಮಂಡಿಯೂರಿ ಖಾಲಿ ಶೆಲ್ಫುಗಳ ಅಡಿಗೆ ಕೈ ಹಾಕಿ ತಡಕುತ್ತಲೇ ಇದ್ದಾರೆ. ಟಾರ್ಚ್ ತಾ ಅನ್ನುತ್ತಿದ್ದಾರೆ. ಅದೂ ಲಾರಿಯಲ್ಲೇ ಹೋಗಿರಬೇಕು ಅಂತ ಹೇಗೆ ಹೇಳಲಿ?