ಮೂಗು ಕಟ್ಟಿದ ಭಾನುವಾರ

ಅಕ್ಟೋಬರ್ 9, ಭಾನುವಾರ

ಹದಿನಾಲ್ಕನೆಯ ಮನೆ. ಬಾಗಿಲಲ್ಲಿ ಶೂ ಬಿಚ್ಚುವಾಗಲೇ ಗೊತ್ತಾಯಿತು. ಏಲಕ್ಕಿ ಬನ್ನಿನ ಘಮ. ಮಾರುವವರು ಓವನ್‌ನಲ್ಲಿ ಬನ್ ಇಟ್ಟು ಎಲ್ಲೋ ಹೋಗಿದ್ದರು. ಅಮ್ಮನ ಪಟ್ಟಿಯಲ್ಲಿ ಅದು ಮೂರನೆಯದು: ಮನೆ ತೋರಿಸುವ ಹೊತ್ತಿಗೆ ಏನಾದರೂ ಬೇಯುತ್ತಿದ್ದರೆ ಆ ಮನೆ ಬೇಡ. ಮೊದಲನೆಯದು, ನೆಲಮಾಳಿಗೆಗೆ ಹೊಸ ಬಣ್ಣ. ಎರಡನೆಯದು, ಪರಿಮಳದ ಮೇಣದಬತ್ತಿ. ಫ್ರಿಜ್ ಮೇಲೆ ಅಂಟಿಸಿದ ಈ ಹಾಳೆಗೆ ಅಪ್ಪ ಇಟ್ಟಿರುವ ಹೆಸರು ಬೇಡ-ಪಟ್ಟಿ. ಅವನವೂ ಇವೆ ಅದರಲ್ಲಿ— ಚಪ್ಪಟೆ ಚಾವಣಿ, ಹೆದ್ದಾರಿ ಸದ್ದು, ಅಂಗಳ ದಾಟಿ ಹೋಗಬೇಕಾದ ಉಗಿಸ್ನಾನದ ಸೌನಾ, ಡ್ರಮ್ ಬಾರಿಸುವ ಮಕ್ಕಳಿರುವ ನೆರೆಮನೆ. ನನ್ನವು ಯಾವುವು ಅಂತ ಯಾರೂ ಕೇಳಿಲ್ಲ. ನನ್ನ ಕೆಲಸ ಮೂಸುವುದು.

ಸಿಂಕ್ ಕೆಳಗೆ ತಲೆ ಹಾಕಿದೆ. ಬಾತ್‌ರೂಮಿನ ಮೂಲೆ. ಬಟ್ಟೆ ಕಪಾಟು. ಏಜೆಂಟ್ ಹೆಂಗಸು ಹಿಂದೆ ಹಿಂದೆಯೇ ಬಂದಳು.

“ಏನಾದ್ರೂ ಕಳ್ಕೊಂಡ್ರಾ?”

“ಅವಳು ನಮ್ಮ ನಾಯಿ,” ಅಂದ ಅಪ್ಪ. “ಕಚ್ಚಲ್ಲ, ಹೆದರ್ಕೋಬೇಡಿ.”

ಮೆಟ್ಟಿಲ ಕೆಳಗೆ ಸಿಕ್ಕಿತು. ಒದ್ದೆ ಆಲೂಗಡ್ಡೆ ಚೀಲದ ವಾಸನೆ, ಅದರ ಬೆನ್ನಿಗೆ ಒಂದು ತೆಳು ಸಿಹಿ. ಬೂಷ್ಟು. ಅಮ್ಮ ಕಣ್ಣಲ್ಲೇ ಕೇಳಿದಳು. ಇದೆ ಅಂತ ತಲೆಯಾಡಿಸಿದೆ. ಅವಳು ಏಜೆಂಟಿಗೆ ಥ್ಯಾಂಕ್ಸ್ ಹೇಳಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು. ಅಷ್ಟೇ.


ಅಕ್ಟೋಬರ್ 17, ಬೆಳಗ್ಗೆ 7

ನಿನ್ನೆ ನೋಡಿದ್ದು ಹದಿನೈದನೆಯದು. ಅಲ್ಲಿ ಏನೂ ಸಿಗಲಿಲ್ಲ. ಸಿಗದಿದ್ದಾಗ ಟೋಪಿ. ಉಣ್ಣೆ ಟೋಪಿ ಹಾಕಿಕೊಂಡೇ ಮನೆಯೆಲ್ಲ ಸುತ್ತಿ, ಹೊರಗೆ ಬಂದ ಕೂಡಲೇ ಜಿಪ್ ಚೀಲದಲ್ಲಿ ಮುಚ್ಚಿಡಬೇಕು. ಮಾರನೆಯ ಬೆಳಗ್ಗೆ ಬಯಲಲ್ಲಿ ತೆರೆದು ಮೂಸಬೇಕು. ಉಣ್ಣೆ ಸುಳ್ಳು ಹೇಳುವುದಿಲ್ಲ.

ನನ್ನ ಸ್ಟೂಡೆಂಟ್ ಫ್ಲ್ಯಾಟಿನ ಬಾಲ್ಕನಿಯಲ್ಲಿ ಚೀಲಕ್ಕೆ ಮೂಗು ಒತ್ತಿ ನಿಂತಿದ್ದಾಗ ಪಕ್ಕದ ಕೋಣೆಯ ವೀಯಾ ಬಂದಳು.

“ಫಾರ್ಮಸಿ ಓದ್ತೀನಿ ಅಂದಿದ್ದೆ. ಈಗಿಂದಲೇ ನಶೆ ಶುರುನಾ?”

ನಗಲು ಆಗಲಿಲ್ಲ. ಉಣ್ಣೆಯಲ್ಲಿ ಅದೇ ಆಲೂಗಡ್ಡೆ ಚೀಲ.

ಅಮ್ಮನಿಗೆ ಮೆಸೇಜ್ ಹಾಕಿದೆ: ಇದೆ. ಉತ್ತರವಾಗಿ ಥಂಬ್ಸ್ ಅಪ್ ಬಂತು.

ವೀಯಾಗೆ ಹೇಳಲಿಲ್ಲ. ಎಲ್ಲಿಂದ ಹೇಳುವುದು. ನನಗೆ ಎಂಟು ವರ್ಷವಿದ್ದಾಗ ಮನೆ ಕೊಂಡರು. ಹತ್ತಾದಾಗ ನೆಲ ಕಿತ್ತು ನೋಡಿದರು, ಕೆಳಗೆಲ್ಲ ಕಪ್ಪು. ನನ್ನ ಕೆಮ್ಮು ನಿಲ್ಲದೆ ಹನ್ನೊಂದಕ್ಕೆ ಇಂಗ್ಲೆಂಡಿನ ಹಾಸ್ಟೆಲ್ ಶಾಲೆಗೆ ಕಳಿಸಿದರು, ಅಪ್ಪನ ಅಮ್ಮ ಇದ್ದ ಊರಿನ ಹತ್ತಿರ. ಅಮ್ಮ ಆ ಮನೆಯಲ್ಲೇ ಉಳಿದಳು, ಅದನ್ನು ಕೆಡವುವವರೆಗೂ. ಅವಳ ಮೂಗು ಅಲ್ಲೇ ಸತ್ತಿತು. ಈಗ ಅವಳಿಗೆ ವಾಸನೆ ತಿಳಿಯುವುದಿಲ್ಲ, ಗಂಟಲಿಗೆ ಮಾತ್ರ ತಿಳಿಯುತ್ತದೆ— ಬೂಷ್ಟಿರುವ ಕಡೆ ಒಂದು ವಾರ ಇದ್ದರೆ ಧ್ವನಿ ಬಿದ್ದುಹೋಗುತ್ತದೆ, ಆಮೇಲೆ ಉಸಿರು. ಮನೆ ನೋಡಲು ಕೊಡುವುದು ಮುಕ್ಕಾಲು ಗಂಟೆ. ಅದಕ್ಕೇ ನಾನು.

ಈಗಿನ ಬಾಡಿಗೆ ಮನೆಯಲ್ಲೂ ಆಗದೆ ಅವಳು ಗಾಜಿನ ಬಾಲ್ಕನಿಯಲ್ಲಿ ಮಲಗುತ್ತಾಳೆ. ಸ್ಲೀಪಿಂಗ್ ಬ್ಯಾಗಿನಲ್ಲಿ. ಇದು ಮೂರನೆಯ ಚಳಿಗಾಲ.


ಅಕ್ಟೋಬರ್ 30, ಭಾನುವಾರ

ಹದಿನಾರು. ಕಾಲಿಟ್ಟ ಕೂಡಲೇ ಬಂತು ವಾಸನೆ.

ಮನೆಗೆ ಬಂದ ಮೇಲೆ ಅಪ್ಪ ಪೆನ್ನು ತಗೊಂಡು ಫ್ರಿಜ್ ಮುಂದೆ ನಿಂತ. ಪಟ್ಟಿಯಲ್ಲಿ ಡ್ರಮ್ಮಿನ ಸಾಲು ಹೊಡೆದುಹಾಕಿದ. ಹೆದ್ದಾರಿ ಹೊಡೆದುಹಾಕಿದ. ಸೌನಾ... ಸ್ವಲ್ಪ ಯೋಚಿಸಿ ಅದನ್ನೂ.

“ಅಂಗಳದಲ್ಲಿ ಬರಿಮೈಲಿ ಓಡೋಕೆ ರೆಡಿ ನಾನು, ಹಿಲ್ಕಾ. ಇನ್ನೇನು ಬಿಡ್ಲಿ ಹೇಳು.”

“ನನ್ನ ಬಿಟ್ಬಿಡು,” ಅಂದಳು ಅಮ್ಮ. “ಆವಾಗ ಯಾವ ಮನೆ ಬೇಕಾದ್ರೂ ತಗೋಬಹುದು.”

ತಮಾಷೆಗೆ ಅಂದಿದ್ದು. ಅಪ್ಪ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತಾ, ತೆಗೆಯುತ್ತಾ ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

“ನಿನಗೆ ಖಂಡಿತ ವಾಸನೆ ಬಂತಾ ಪುಟ್ಟಿ? ಅಭ್ಯಾಸಬಲಕ್ಕೆ ಬರ್ತಿಲ್ಲ ತಾನೆ?”

ಖಂಡಿತ, ಅಂದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಆ ಖಂಡಿತದ ಮೇಲೇ ನನಗೆ ಅನುಮಾನ. ಬಸ್ಸಿನ ಸೀಟು ಮೂಸಿದೆ. ಎದುರಿಗೆ ಕೂತವರು ಎದ್ದು ಹಿಂದೆ ಹೋದರು.


ನವೆಂಬರ್ 17

ನೆಗಡಿ. ಇಡೀ ಬ್ಯಾಚಿಗೇ ಬಂದಿದೆ. ಲ್ಯಾಬಿನಲ್ಲಿ ಅಮೋನಿಯಾ ಬಾಟಲಿ ತೆರೆದಾಗ ಎಲ್ಲರೂ ಮುಖ ಹಿಂಡಿದರು, ನನಗೆ ಏನೂ ಇಲ್ಲ. ಗೋಡೆ ಮೂಸಿದ ಹಾಗೆ. ಹೆದರಿಕೆಯಾಯಿತು. ಅಮ್ಮನ ಮೂಗು ಹೀಗೇ ಹೋಗಿದ್ದಲ್ಲವೇ?

ಭಾನುವಾರ ಹದಿನೇಳನೆಯದು. ಬರಲಾಗುವುದಿಲ್ಲ ಅಂತ ಹೇಳಬೇಕು. ನಾಳೆ ಫೋನ್ ಮಾಡುತ್ತೇನೆ.


ನವೆಂಬರ್ 20, ಭಾನುವಾರ, ಸಂಜೆ 5

ಮಾಡಲಿಲ್ಲ. ಮಾಡಿದ್ದರೆ, ಪರವಾಗಿಲ್ಲ ಅನ್ನುತ್ತಿದ್ದಳು. ಆ ಪರವಾಗಿಲ್ಲ ಕೇಳಲು ನನ್ನಿಂದಾಗುವುದಿಲ್ಲ. ಹೋದೆ.

ಸರೋವರದಾಚೆ, ಇಟ್ಟಿಗೆ ಮನೆ, 1978ರದ್ದು. ಬನ್ ಇಲ್ಲ, ಮೇಣದಬತ್ತಿ ಇಲ್ಲ, ಹಳೆಯ ಬಣ್ಣ. ಮಾರುವ ಮುದುಕ ಒಬ್ಬನೇ ಅಡುಗೆಮನೆಯಲ್ಲಿ ಪೇಪರ್ ಓದುತ್ತಾ ಕೂತಿದ್ದ, ಯಾರ ಕಡೆಯೂ ನೋಡದೆ. ತಪಾಸಣೆಯ ವರದಿ ಚೊಕ್ಕ. ನಮ್ಮ ಹಳೆ ಮನೆಯದೂ ಚೊಕ್ಕವಾಗಿಯೇ ಇತ್ತು.

ಇನ್ನೂ ಎರಡು ಕುಟುಂಬ ಬಂದಿದ್ದವು. ಏಜೆಂಟ್ ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದಳು, “ನೋಡಿ, ಅವರು ಈಗಲೇ ಆಫರ್ ಬರೀತಿದಾರೆ. ನೀವು ನಾಳೆ ಅಂದ್ರೆ ನಾನೇನೂ ಮಾಡೋಕಾಗಲ್ಲ.”

ಟೋಪಿಗೆ ಸಮಯವಿಲ್ಲ.

ಅಮ್ಮ ಒಂದು ಖಾಲಿ ಕೋಣೆಯ ಕಿಟಕಿ ಹತ್ತಿರ ನಿಂತಿದ್ದಳು. ಹೊರಗೆ ಸೇಬಿನ ಮರ, ಎಲೆಯಿಲ್ಲದ್ದು. ಗೋಡೆಗೆ ಅಂಗೈ ಒತ್ತಿಕೊಂಡಿದ್ದಳು. ಮಂಚ ಎಲ್ಲಿ ಬರುತ್ತದೆ ಅಂತ ಕಣ್ಣಲ್ಲೇ ಅಳೆಯುತ್ತಿದ್ದಾಳೆ ಅಂತ ತಿಳಿಯಿತು. ಹದಿನಾರು ಮನೆಗಳಲ್ಲಿ ಒಮ್ಮೆಯೂ ಹಾಗೆ ಮಾಡಿರಲಿಲ್ಲ.

ನಾನು ಎಲ್ಲ ಕಡೆ ಬಗ್ಗಿದೆ, ಎಲ್ಲ ಕಪಾಟು ತೆರೆದೆ. ನಾಟಕ. ಮೂಗಿನಲ್ಲಿ ಕಲ್ಲು.

“ಏನಮ್ಮಾ?” ಅಂದಳು ಅಮ್ಮ. “ಇದೆಯಾ?”

ಹಾಸ್ಟೆಲಿನಲ್ಲಿ ದಿನಾ ಸಂಜೆ ಮೇಟ್ರನ್ ಬಾಗಿಲಲ್ಲಿ ಇಣುಕಿ ಎಲ್ಲಾ ಸರಿಯಾ ಅಂತ ಕೇಳುತ್ತಿದ್ದಳು. ಏಳು ವರ್ಷ ಫೈನ್ ಅಂದಿದ್ದೇನೆ. ಜ್ವರದಲ್ಲೂ ಫೈನ್. ಅದೇ ದನಿಯಲ್ಲಿ ಬಂತು.

“ಇಲ್ಲಮ್ಮ. ಏನೂ ಇಲ್ಲ.”

ಅಪ್ಪ ಆಫರ್‌ಗೆ ಕಾರಿನ ಬಾನೆಟ್ ಮೇಲೆ ಸಹಿ ಹಾಕಿದ. ಚಳಿಗೆ ಪೆನ್ನು ಮೂಡಲಿಲ್ಲ, ಬಾಯಿಂದ ಊದಿ ಊದಿ ಹಾಕಿದ.


ನವೆಂಬರ್ 21

ಒಪ್ಪಿಕೊಂಡರಂತೆ. ಅಮ್ಮ ಫೋನಿನಲ್ಲಿ ಅತ್ತಳು. “ನಿನ್ನ ಮೂಗಿಗೆ ಚಿನ್ನದ ಕವಚ ಮಾಡಿಸ್ತೀನಿ ಕಣೇ.”

ಬಾಲ್ಕನಿಯಲ್ಲಿ ಚೀಲ. ಅದರೊಳಗೆ ನಿನ್ನೆಯ ಟೋಪಿ. ಅಭ್ಯಾಸಕ್ಕೆ ಮುಚ್ಚಿಟ್ಟಿದ್ದೆ.


ನವೆಂಬರ್ 27, ಬೆಳಗ್ಗೆ 9

ವೀಯಾ ಮಾಡಿದ ಕಾಫಿಯ ಘಮ ಕೋಣೆಯವರೆಗೆ ಬಂತು. ಅಂದರೆ ಮೂಗು ಬಂತು.

ಹೊರಗೆ ಹೋಗಿ ಚೀಲ ತೆರೆದೆ.

ಇದೆ.

ಜೋರಾಗೇನೂ ಇಲ್ಲ... ಸಿಹಿಯಷ್ಟೇ. ಇನ್ನೊಮ್ಮೆ ಮೂಸಿದೆ. ಒಳಗೆ ಹೋಗಿ ಬಂದು ಮೂರನೆಯ ಸಲ. ಕಾರಿನದಿರಬಹುದು. ಮುದುಕನ ಕೋಟಿನದಿರಬಹುದು. ವೀಯಾಳನ್ನು ಕರೆದೆ.

“ಟೋಪಿ ವಾಸನೆ,” ಅಂದಳು. “ಟೋಪಿ ಇನ್ನೇನು ವಾಸನೆ ಬರುತ್ತೆ?”

ಶುಕ್ರವಾರ ಬ್ಯಾಂಕಿನಲ್ಲಿ ಕ್ರಯಪತ್ರ. ಐದು ದಿನ ಇದೆ.


ನವೆಂಬರ್ 29

ಫೋನ್ ಮಾಡಿದೆ. ಅಪ್ಪ ಎತ್ತಿದ. ನಾನು ‘ಅಪ್ಪಾ, ಆ ಮನೆ’ ಅನ್ನುವಷ್ಟರಲ್ಲಿ—

“ಕೇಳು ಕೇಳು! ನಿಮ್ಮಮ್ಮ ಪರದೆ ಹೊಲೀತಿದಾಳೆ. ಆ ಮಿಷನ್ ಅಟ್ಟ ಸೇರಿ ಎಷ್ಟು ವರ್ಷ ಆಗಿತ್ತು ಗೊತ್ತಾ? ಕೇಳಿಸ್ತಾ?”

ಫೋನನ್ನು ಹೊಲಿಗೆ ಮಿಷನ್ ಹತ್ತಿರ ಹಿಡಿದ. ಕೇಳಿಸಿತು.

“ಏನೋ ಹೇಳ್ತಿದ್ದೆ?”

“ನನ್ನ ಕೋಣೆ ಯಾವುದು ಅಂತ.”

“ಸೇಬಿನ ಮರದ ಕೋಣೆ ಅಮ್ಮಂದು. ನಿಂದು ಅದರ ಪಕ್ಕದ್ದು.”


ಡಿಸೆಂಬರ್ 2, ಶುಕ್ರವಾರ

ಸಹಿಯಾಯಿತು. ನನಗೆ ಪರೀಕ್ಷೆ ಇತ್ತು. ಏನು ಬರೆದೆನೋ.


ಡಿಸೆಂಬರ್ 18, ಭಾನುವಾರ, ಬೆಳಗ್ಗೆ 10

ಹೊಸ ಮನೆಯ ಅಡುಗೆಮನೆ. ನಿನ್ನೆ ಬಂದೆ. ಬಂದಾಗಿನಿಂದ ಟವೆಲ್ಲಿನಲ್ಲಿ, ದಿಂಬಿನಲ್ಲಿ, ನನ್ನ ತೋಳಿನಲ್ಲಿ ಅದೇ. ಹಿಂದಿನ ಕೋಣೆಯ ಮೂಲೆಯಲ್ಲಿ ಗೋಡೆಯ ಬುಡಕ್ಕೆ ಹೊಡೆದ ಹಲಗೆಯ ಹತ್ತಿರ ಎಲ್ಲಕ್ಕಿಂತ ಹೆಚ್ಚು. ಅದು ಅಮ್ಮನ ಕೋಣೆ.

ಅವರು ಬಂದು ಹತ್ತು ದಿನ. ಹತ್ತೂ ರಾತ್ರಿ ಅಮ್ಮ ಮಂಚದ ಮೇಲೆ ಮಲಗಿದ್ದಾಳೆ, ಎರಡು ದಿಂಬು, ಮುಚ್ಚಿದ ಬಾಗಿಲು. ಅಪ್ಪ ಎಲ್ಲರಿಗೂ ಫೋನ್ ಮಾಡಿ ಇದನ್ನೇ ಹೇಳುತ್ತಿದ್ದಾನೆ.

ಬೆಳಗ್ಗೆ ಅವನು ಹಿಮ ಎತ್ತಲು ಹೊರಗೆ ಹೋದಾಗ ಅಮ್ಮ ಕಾಫಿ ಬಗ್ಗಿಸುತ್ತಿದ್ದಳು. “ಹಾಲು ತಗೊಡು” ಅಂದಳು. ಧ್ವನಿ ಬಿದ್ದಿತ್ತು.

ಹಾಲಿನ ಡಬ್ಬಿ ಹಿಡಿದು ನಿಂತೇ ಇದ್ದೆ.

“ನೆಗಡಿ,” ಅಂದಳು. “ನಿನ್ನಿಂದ ಅಂಟಿರಬೇಕು.”

“ನನಗೆ ವಾಸಿಯಾಗಿ ಮೂರು ವಾರ ಆಯ್ತು—” ಅಂದುಬಿಟ್ಟೆ. ನೆಗಡಿಯ ವಿಷಯ ಅವಳಿಗೆ ನಾನು ಹೇಳಿಯೇ ಇರಲಿಲ್ಲ.

ಕಾಫಿ ಬಗ್ಗಿಸುವುದು ನಿಲ್ಲಿಸಲಿಲ್ಲ ಅವಳು. “ಅವತ್ತು ಕಾರಲ್ಲಿ ನೀನು ಬಾಯಲ್ಲಿ ಉಸಿರಾಡ್ತಾ ಕೂತಿದ್ದೆ. ಮೂಗು ಕೆಂಪಗೆ. ಹೆತ್ತೋಳಿಗೆ ಅಷ್ಟೂ ಕಾಣಲ್ವಾ?”

“ಗೊತ್ತಿದ್ದೂ ನನ್ನನ್ನ ಕೇಳಿದ್ಯಾಕೆ?”

“ಇಲ್ಲ ಅಂತೀಯ ಅಂತಲೇ ಕೇಳಿದ್ದು.” ಕೂತಳು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಯಾರಾದ್ರೂ ಒಬ್ಬರು ಇಲ್ಲ ಅನ್ನಬೇಕಿತ್ತು, ಇಂಕಾ. ಇನ್ನೊಂದು ಚಳಿಗಾಲ ಆ ಬಾಲ್ಕನಿ ನನ್ನ ಕೈಲಾಗ್ತಿರಲಿಲ್ಲ. ಮಂಚ ಬೇಕಿತ್ತು. ಅಷ್ಟೇ.”

“ಈಗ ಏನು ಮಾಡೋದು?”

“ಕ್ರಿಸ್‌ಮಸ್ ಮಾಡೋದು.”

“ಅಮ್ಮ, ನಿನ್ನ ಕೋಣೆ ಮೂಲೇಲಿ—”

“ಹೇಳಬೇಡ. ಎಲ್ಲಿ ಅಂತ ನನಗೆ ಹೇಳಬೇಡ. ಅವನಿಗಂತೂ ಬೇಡವೇ ಬೇಡ.”

ಆಮೇಲೆ ಇಬ್ಬರೂ ಕಾಫಿ ಕುಡಿದೆವು. ಚೆನ್ನಾಗಿತ್ತು, ಅದೇ ಹೊಟ್ಟೆ ಉರಿಸುವುದು.

ಈಗ ಅಪ್ಪ ಒಳಗೆ ಬಂದಿದ್ದಾನೆ, ಬೂಟು ಕುಟ್ಟುತ್ತಾ. ಕೈಯಲ್ಲಿ ಅಳತೆ ಟೇಪು. ಅಮ್ಮನ ಕೋಣೆಯ ಮೂಲೆಗೆ ಪುಸ್ತಕದ ಕಪಾಟು ಮಾಡುತ್ತಾನಂತೆ, ಗೋಡೆಗೇ ಸೇರಿಸಿ. ಮೊದಲು ಆ ಮೂಲೆ ಹಲಗೆ ಕಿತ್ತು ಗೋಡೆ ನೇರ ಇದೆಯಾ ನೋಡಬೇಕಂತೆ. ಅಮ್ಮ ಅವನ ಮುಖ ನೋಡುತ್ತಿಲ್ಲ, ನನ್ನದು ನೋಡುತ್ತಿದ್ದಾಳೆ. “ಟೇಪಿನ ಆ ತುದಿ ಹಿಡ್ಕೋ ಬಾ ಪುಟ್ಟಿ,” ಅನ್ನುತ್ತಿದ್ದಾನೆ. ನಾನು ಕೇಳಿಸದವಳ ಹಾಗೆ ತಲೆ ತಗ್ಗಿಸಿ ಬರೆಯುತ್ತಾ ಕೂತಿದ್ದೇನೆ. ಸುತ್ತಿಗೆ ಎಲ್ಲಿ ಅಂತ ಕೇಳುತ್ತಾ ಅಪ್ಪ ಹಿಂದಿನ ಕೋಣೆಯ ಕಡೆಗೆ ಹೊರಟಿದ್ದಾನೆ—