ಅಗಸಿ ಚಟ್ನಿಪುಡಿಯ ಉದ್ದೇಶ ತಿಳಿಯದವರಿಗೆ

ಕಾರ್ಖಾನೆಯ ಸಕಲರ ಕಲ್ಯಾಣದ ಹೊಣೆ ಹೊತ್ತ ಮಾನ್ಯ ಕಲ್ಯಾಣಾಧಿಕಾರಿಗಳೇ,

ಕಳೆದ ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ತಮ್ಮ ಎರಡನೆಯ ಗೇಟಿನಲ್ಲಿ ನನ್ನ ಅಗಸಿ ಚಟ್ನಿಪುಡಿಯನ್ನು ಜಪ್ತಿ ಮಾಡಲಾಯಿತು. ರಸೀದಿ ಕೊಟ್ಟಿದ್ದಾರೆ, ಸುಳ್ಳು ಹೇಳಬಾರದು. ಅದರಲ್ಲಿ ಹೀಗಿದೆ: ‘ಕಂದು ಬಣ್ಣದ ಪುಡಿ, ಡಬ್ಬಿ ಒಂದು, ಉದ್ದೇಶ ತಿಳಿದಿಲ್ಲ.’ ಅರವತ್ತಮೂರು ವರ್ಷದ ಹೆಂಗಸು, ಕೈಯಲ್ಲಿ ಬುತ್ತಿಗಂಟು, ಗಂಟಿನಲ್ಲಿ ಜೋಳದ ರೊಟ್ಟಿ ಮತ್ತು ಪುಂಡಿಪಲ್ಯ. ಜೊತೆಗಿದ್ದ ಪುಡಿಯ ಉದ್ದೇಶ ಏನಿರಬಹುದು ಎಂಬುದು ದೇಶದ ರಕ್ಷಣೆಗೆ ಯಂತ್ರ ತಯಾರಿಸುವ ಇಷ್ಟು ದೊಡ್ಡ ಕಾರ್ಖಾನೆಗೆ ಹೊಳೆಯಲಿಲ್ಲವೇ?

ನನ್ನ ಕಡೆಯ ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಆ ಡಬ್ಬಿ ತಮ್ಮದೇ ಹಳೆಯ ಕ್ಯಾಂಟೀನಿನ ಚಹಾಪುಡಿಯ ಡಬ್ಬಿ. ಮೇಲೆ ಕಾರ್ಖಾನೆಯ ಮುದ್ರೆ, ಸ್ಟೋರ್ಸ್ ನಂಬರು ಎಲ್ಲ ಇವೆ. ನಾನು ನಿವೃತ್ತಳಾದ ದಿನ ಕ್ಯಾಂಟೀನಿನ ಲಿಂಗಣ್ಣ ಪ್ರೀತಿಯಿಂದ ಕೊಟ್ಟದ್ದು. ಕಾರ್ಖಾನೆಯ ಮುದ್ರೆಯಿರುವ ಸಾಮಾನು ಗೇಟಿನಿಂದ ಹೊರಗೆ ಹೋದರೆ ಕಳವು ಎನ್ನಬಹುದು. ಒಳಗೆ ಬಂದರೆ ಏನೆನ್ನುತ್ತಾರೆ ಸ್ವಾಮಿ? ಗೇಟಿನಲ್ಲಿದ್ದ ಗೊಲ್ಲಾಳಪ್ಪನೂ ತಲೆ ಕೆರೆದುಕೊಂಡ. ಅವನು ನಮ್ಮ ಸಿಂದಗಿ ಕಡೆಯವನೇ.

“ಅಕ್ಕಾರ, ಇದು ಚಟ್ನಿ ಅಂತ ವಾಸನಿ ಮ್ಯಾಲೇ ಗೊತ್ತಾತ್ರಿ. ಏನ್ ಮಾಡ್ಲಿ, ಹೊರಗಿನ ಊಟ ಒಳಗ ಬಿಡಬ್ಯಾಡ ಅಂತ ಹೊಸಾ ಆರ್ಡರ್ ಐತಿ.”

“ಹಂಗಾದ್ರ ರಸೀದಿಯೊಳಗ ಚಟ್ನಿ ಅಂತಾದ್ರೂ ಬರಿಯೋ ಮಾರಾಯಾ.”

“ಚಟ್ನಿಗೆ ಕಾಲಮ್ ಇಲ್ರಿ ಅಕ್ಕಾರ!”

ಈ ಹೊಸ ಆರ್ಡರಿನ ಮೂಲ ಎಲ್ಲಿದೆ ಎಂಬುದು ನಮಗೇನು ತಿಳಿಯದ್ದಲ್ಲ. ತಾವು ಮಾಧಾಪುರದ ಐಟಿ ಕಂಪನಿಗಳ ಗಾಜಿನ ಕಟ್ಟಡಗಳನ್ನು ನೋಡಿ ಬಂದಿರಿ. ಬಂದವರೇ ನಮ್ಮ ಕ್ಯಾಂಟೀನಿನ ಉದ್ದನೆಯ ಬೆಂಚುಗಳನ್ನು ಕೀಳಿಸಿ, ಕೆಂಪು ಹಳದಿ ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿಸಿ, ಬಾಗಿಲಿಗೆ ‘ಫುಡ್ ಕೋರ್ಟ್’ ಎಂಬ ಫಲಕ ತೂಗುಹಾಕಿಸಿದಿರಿ. ಈಗ ಅಲ್ಲಿ ಪಿಜ್ಜಾ, ಪಫ್, ನೂಡಲ್ಸ್, ಬಣ್ಣಬಣ್ಣದ ತಂಪು ನೀರು. ಹುಡುಗ ಎಂಜಿನಿಯರುಗಳು ತಿನ್ನಲಿ, ನನಗೇನೂ ಹೊಟ್ಟೆಯುರಿಯಿಲ್ಲ. ಪಿಜ್ಜಾ ನಾನೂ ತಿಂದು ನೋಡಿದ್ದೇನೆ, ಪರವಾಗಿಲ್ಲ, ಬಿಸಿಯಿರುವಾಗ. ಆದರೆ ನಿವೃತ್ತರ ಸಂಘಕ್ಕೆ ವಾರಕ್ಕೊಂದು ದಿನ ಕ್ಯಾಂಟೀನಿನ ಒಂದು ಮೂಲೆ ಬಿಟ್ಟುಕೊಟ್ಟಿದ್ದರಲ್ಲ, ಅಲ್ಲಿಗೂ ನಮ್ಮ ಬುತ್ತಿ ಬರಬಾರದೆಂದರೆ ಅದು ಯಾರ ಕಲ್ಯಾಣ?

ನಮ್ಮ ಗುರುವಾರದ ಪದ್ಧತಿ ತಮಗೆ ತಿಳಿದಿರಲಾರದು. ಹದಿನಾಲ್ಕು ಜನ ಸೇರುತ್ತೇವೆ. ಬುತ್ತಿಗಳನ್ನೆಲ್ಲ ನಡುವೆ ಇಡುತ್ತೇವೆ. ಯಾರೂ ತಾವು ತಂದದ್ದನ್ನು ಮೊದಲು ಮುಟ್ಟುವಂತಿಲ್ಲ. ಕೈಗೆ ಬಂದ ಡಬ್ಬಿಯಿಂದ ಒಂದು ತುತ್ತು ತಿಂದು, ಇದು ಯಾರ ಮನೆಯದು ಎಂದು ಹೇಳಬೇಕು. ತಪ್ಪು ಹೇಳಿದವರು ಎಲ್ಲರಿಗೂ ನೀರು ಕೊಡಬೇಕು. ಅಲ್ಲಿ ಏಳುವ ನಗು ತಮ್ಮ ಕಚೇರಿಯವರೆಗೆ ಕೇಳಿಸಿರಲೇಬೇಕು, ಕೇಳಿಸಿದ್ದಕ್ಕೇ ಈ ಆರ್ಡರೋ ಏನೋ.

ನನ್ನ ಯಜಮಾನರು ಮಾಣಿಕಪ್ಪ, ತಮ್ಮ ಮಷಿನ್ ಶಾಪಿನಲ್ಲಿ ಮೂವತ್ತೊಂದು ವರ್ಷ ಕಬ್ಬಿಣ ಕಡೆಯುವ ಟರ್ನರ್ ಆಗಿದ್ದವರು. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲಿ ಹಿಡಿಯುತ್ತಿದ್ದರು. ಎರಡು ವರ್ಷದಿಂದ ಅವರ ನೆನಪು ಅಲ್ಲಲ್ಲಿ ಸಡಿಲವಾಗಿದೆ. ಒಮ್ಮೆ ಕೊತ್ತಂಬರಿ ಬೀಜ ತರಲು ಬೇಗಂ ಬಜಾರಿಗೆ ಹೋದವರು ಎರಡು ಪೊರಕೆ ಹಿಡಿದು ಬಂದರು. ಇನ್ನೊಮ್ಮೆ ಬೆಳಿಗ್ಗೆ ಹಳೆಯ ಖಾಕಿ ಬಟ್ಟೆ ತೊಟ್ಟು, ಮಲ್ಕಾಜ್‌ಗಿರಿಯ ನಮ್ಮ ಮನೆಯ ಮುಂದೆ ಕಾರ್ಖಾನೆಯ ಬಸ್ಸಿಗೆ ಕಾದು ನಿಂತಿದ್ದರು. ನಾನೋ ತಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ನಾನೂರು ನಂಬರು ಬಾಯಿಪಾಠ ಮಾಡಿದವಳು. ಒಂದೇ ಮನೆಯಲ್ಲಿ ಎಂಥ ಜೋಡಿ ನೋಡಿ!

ಅಂಜಿಕೆಯಾಗಿ ತಮ್ಮದೇ ದವಾಖಾನೆಗೆ ಕರೆದುಕೊಂಡು ಹೋದೆ. ನಮ್ಮ ಕಡೆಯವರೇ ಆದ ಡಾಕ್ಟರ್ ಭವಾನಿ ಎಲ್ಲ ಪರೀಕ್ಷೆ ಮಾಡಿ, ಮುಚ್ಚುಮರೆಯಿಲ್ಲದೆ ಹೇಳಿದರು.

“ಅಮ್ಮಾರ, ಹೋದ ನೆನಪು ಊಟದಿಂದ ವಾಪಸ್ ಬರ್ತೈತಿ ಅಂತ ನಾ ಹೇಳಂಗಿಲ್ರಿ. ಆದ್ರ ಇದ್ದದ್ದನ್ನ ಕಾಯಾಕ ಊಟಾನೂ ಸ್ವಲ್ಪ ಕೈ ಹಿಡೀತೈತಿ. ಮಿದುಳಿಗೇನ್ ಬ್ಯಾರೆ ಹೊಟ್ಟಿ ಐತೇನ್ರಿ? ಹೃದಯಕ್ಕ ಚಲೋ ಆಗೋದೇ ಅದಕ್ಕೂ ಚಲೋ.”

ಸೊಪ್ಪು, ಬೇಳೆ ಕಾಳು, ಜೋಳ, ಹಣ್ಣು, ಒಂದು ಹಿಡಿ ಶೇಂಗಾ, ಅಗಸಿ. ಕರಿದದ್ದು, ಸಿಹಿ, ಉಪ್ಪು ಕಡಿಮೆ. ಬಿಪಿ, ಸಕ್ಕರೆಯ ಗುಳಿಗೆ ತಪ್ಪಿಸಬಾರದು, ದಿನಾ ನಡೆಯಬೇಕು. ಕೊನೆಗೆ, “ಒಬ್ರನ್ನೇ ಕೂಡಿಸಿ ಉಣಿಸಬ್ಯಾಡ್ರಿ. ನಾಕು ಮಂದಿ ಜೋಡಿ ಮಾತಾಡ್ಕೋತ ಉಣ್ಣಲಿ” ಎಂದರು. ನಾನು ನಕ್ಕುಬಿಟ್ಟೆ. ಇದು ನಮ್ಮ ಗುರುವಾರದ ಬುತ್ತಿಯೇ ಅಲ್ಲವೇ? ತಮ್ಮ ದವಾಖಾನೆ ಬರೆದುಕೊಟ್ಟದ್ದನ್ನೇ ತಮ್ಮ ಗೇಟು ಕಸಿದುಕೊಳ್ಳುತ್ತದೆಂದರೆ ಯಾರ ಮಾತು ಕೇಳಬೇಕು, ತಾವೇ ಹೇಳಿ.

ಗುರುವಾರದ ಸಾಲಿನಲ್ಲಿ ಯಜಮಾನರಿಗೆ ಬೇರೆಯವರ ಅಡುಗೆ ಗುರುತು ತಪ್ಪುತ್ತದೆ, ನಗುತ್ತಲೇ ಎದ್ದು ನೀರು ಕೊಡುತ್ತಾರೆ. ಆದರೆ ಅಗಸಿ ಚಟ್ನಿ ನಾಲಿಗೆಗೆ ತಾಗಿದರೆ ಸಾಕು, “ಇದು ನಮ್ಮ ಶಿವದೇವಿ ಕೈದು!” ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಎರಡು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ಆಗ ನನಗಾಗುವ ಸಂತೋಷವನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ಗೊತ್ತಿಲ್ಲ.

ಕಳೆದ ಗುರುವಾರ ಎಲ್ಲರ ಬುತ್ತಿಯೂ ಗೇಟಿನಲ್ಲೇ ಉಳಿದವು. ಎಲ್ಲರೂ ಬೋಲ್ಟು ಹಾಕಿದ ಕುರ್ಚಿಗಳಲ್ಲಿ ದೂರದೂರ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಪಫ್ ತಿಂದೆವು. ಯಜಮಾನರು ಅರ್ಧ ತಿಂದು, ನನ್ನ ಕಡೆ ತಿರುಗಿ, ಭಾಳ ಮರ್ಯಾದೆಯಿಂದ ಕೇಳಿದರು: “ಅಕ್ಕಾರ, ನಮ್ಮನಿಯಾಕಿ ಇವತ್ತ ಬಂದಿಲ್ಲೇನ್ರೀ?”

ನನಗೆ ಅಳು ಬಂತು. “ಬರಾಕತ್ತಾಳ್ರಿ, ಗೇಟಿನ್ಯಾಗ ಅದಾಳ” ಎಂದೆ. ಸುಳ್ಳೇನೂ ಅಲ್ಲ ಬಿಡಿ.

ಮನೆಗೆ ಬಂದವಳೇ ಸೀರೆ ಬದಲಿಸದೆ ಅಗಸಿ ಹುರಿದು, ಬೆಳ್ಳುಳ್ಳಿ ಹಾಕಿ ಕುಟ್ಟಿದೆ. ರೊಟ್ಟಿಯ ಮೇಲಿಟ್ಟು ಕೊಟ್ಟೆ. ತಿಂದವರೇ, “ಶಿವದೇವಿ, ಉಪ್ಪು ಕಮ್ಮಿ ಆಗೇತಿ” ಎಂದರು. ಏನು ಮರೆತರೂ ನನ್ನ ಅಡುಗೆಗೆ ಹೆಸರಿಡುವುದನ್ನು ಮಾತ್ರ ಮರೆತಿಲ್ಲ ಮನುಷ್ಯ! ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಆ ಮಾತಿಗೆ ಸಿಟ್ಟು ಬಾರದ್ದು ಅದೇ ಮೊದಲು.

ಆದ್ದರಿಂದ ಬರುವ ಗುರುವಾರದೊಳಗೆ ನನ್ನ ಡಬ್ಬಿ ನನಗೆ ಬರಬೇಕು. ನಮ್ಮ ಮೂಲೆಯಲ್ಲಿ ಒಂದು ಉದ್ದನೆಯ ಬೆಂಚು ಮತ್ತೆ ಹಾಕಿಸಬೇಕು, ಬುತ್ತಿಗಳನ್ನು ಒಳಗೆ ಬಿಡಬೇಕು. ಪುಡಿಯ ಮೇಲೆ ಇನ್ನೂ ಅನುಮಾನವಿದ್ದರೆ ತಾವೇ ಬಂದು ನಮ್ಮ ಜೊತೆ ಕೂತು ಪರೀಕ್ಷಿಸಬಹುದು, ತಪ್ಪು ಹೇಳಿದರೆ ನೀರು ಕೊಡಬೇಕು ಅಷ್ಟೆ. ರಸೀದಿಯನ್ನು ಈ ಪತ್ರದ ಜೊತೆ ವಾಪಸು ಕಳಿಸಿದ್ದೇನೆ. ‘ಉದ್ದೇಶ ತಿಳಿದಿಲ್ಲ’ ಎಂಬುದನ್ನು ಹೊಡೆದುಹಾಕಿ ನಾನೇ ತುಂಬಿದ್ದೇನೆ: ‘ಗಂಡನಿಗೆ ಹೆಂಡತಿಯ ಗುರುತು ಉಳಿಯಲಿ ಎಂದು.’

ಇಂತಿ,
ನಾನೂರು ನಂಬರು ನೆನಪಿದ್ದರೂ ತಮ್ಮ ಕಚೇರಿಯ ಫೋನು ಎತ್ತುವವರಿಲ್ಲದೆ ಪತ್ರ ಬರೆಯಬೇಕಾಗಿ ಬಂದ
ಶಿವದೇವಿ ಮಾಣಿಕಪ್ಪ
ನಿವೃತ್ತ ಟೆಲಿಫೋನ್ ಆಪರೇಟರ್, ಮಲ್ಕಾಜ್‌ಗಿರಿ