ಅಪ್ಪ ಸಹಿ ಹಾಕಿದ ಕಾಗದ

ಡೆಂಜಿಲ್,

ನೀನು ಏಳುವ ಹೊತ್ತಿಗೆ ನಾನು ಪ್ಲಿಮತ್ ರೈಲಿನಲ್ಲಿರುತ್ತೇನೆ. ನಮ್ಮ ಫ್ಲ್ಯಾಟಿನ ಗುತ್ತಿಗೆ ಅವಧಿ ವಿಸ್ತರಿಸಬೇಕೆಂಬ ನೋಟಿಸು ಇವತ್ತೇ ಅಲ್ಲಿರುವ ನೆಲದ ಮಾಲೀಕರ ಕೈ ಸೇರಬೇಕು. ನಾಳೆಯಿಂದ ಉಳಿದ ಅವಧಿ ಎಂಬತ್ತು ವರ್ಷಕ್ಕಿಂತ ಕಮ್ಮಿಯಾಗುತ್ತದೆ. ಆಮೇಲೆ ಕಾನೂನಿನ ಪ್ರಕಾರವೇ ಅವರು ವಿಸ್ತರಣೆಗೆ ತುಂಬಾ ಹೆಚ್ಚು ಹಣ ಕೇಳಬಹುದು, ಅದು ನಮಗೆ ಎಟುಕುವುದಿಲ್ಲ.

ಅಪ್ಪನ ಓಟ್ಸ್ ಗಂಜಿ ಒಲೆಯ ಮೇಲಿದೆ, ಬಿಸಿ ಮಾಡಿ ಕೊಡು. ಮಾತ್ರೆ ನುಂಗುವವರೆಗೆ ಎದುರಿಗೇ ನಿಂತಿರು.

ನಿನ್ನೆ ನಾನು ಕೆಲಸಕ್ಕೆ ಹೋಗಿದ್ದಾಗ ಮಾಲೀಕರ ಕಡೆಯವನೊಬ್ಬ ಬಂದು ಒಂದು ಗಂಟೆ ಕೂತಿದ್ದನಂತೆ. ಕೆಳಮನೆಯ ಮಿಸೆಸ್ ಪೆನ್‌ರೋಸ್ ಹೇಳಿದರು. ನೀನು ಮನೆಯಲ್ಲೇ ಇದ್ದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು. ಬೈಯಲು ಈಗ ಹೊತ್ತಿಲ್ಲ.

ಅಪ್ಪನನ್ನು ಕೇಳಿದೆ. "ಒಳ್ಳೇ ಮನುಷ್ಯ ಕಣೇ. ಟೀನೂ ಅವನೇ ಮಾಡ್ಕೊಟ್ಟ. ಮೂರು ಕಡೆ ಸಹಿ ಹಾಕಿ ಅಂದ, ಹಾಕ್ದೆ," ಅಂದರು. ಏನು ಕಾಗದವೋ ಅವರಿಗೆ ನೆನಪಿಲ್ಲ. ಕಸದ ಬುಟ್ಟಿಯವರೆಗೆ ಹುಡುಕಿದೆ, ನಕಲು ಸಿಗಲಿಲ್ಲ. ಮೊಳೆಗೆ ನೇತುಹಾಕಿದ್ದ ಎರಡನೇ ಕೀಲಿಯೂ ಇಲ್ಲ.

ಹನ್ನೊಂದಕ್ಕೆ ಬೀಗ ಬದಲಾಯಿಸುವವನು ಬರುತ್ತಾನೆ. ಅವನನ್ನು ಬಿಟ್ಟು ಬೇರೆ ಯಾರಿಗೂ ಬಾಗಿಲು ತೆಗೆಯಬೇಡ. ಅವರು ಎಷ್ಟೇ ನಯವಾಗಿ ಮಾತಾಡಲಿ.

ಅಪ್ಪನನ್ನು ಒಬ್ಬರನ್ನೇ ಬಿಟ್ಟು ಎಲ್ಲಿಗೂ ಹೋಗಬೇಡ ಕಣೋ. ಈಗ ಹೊರಡುವಾಗ ಅವರ ಕೋಣೆಗೆ ಇಣುಕಿದೆ. ಮಂಚದ ಮೇಲೆ ಸೂಟ್‌ಕೇಸು ತೆರೆದಿಟ್ಟು ಅಂಗಿಗಳನ್ನು ಮಡಿಸಿ ತುಂಬುತ್ತಿದ್ದರು. "ಎಲ್ಲಿಗಪ್ಪಾ?" ಅಂದೆ.

"ಶುಕ್ರವಾರ ಕರ್ಕೊಂಡು ಹೋಗೋಕೆ ಬರ್ತಾರಲ್ಲ," ಅಂದರು. "ಯಾಕೆ, ನಿಮಗಿಬ್ಬರಿಗೂ ನಿನ್ನೆ ಬಂದವನು ಹೇಳಿಲ್ವಾ?"

ಅಕ್ಕ